ಮೂರು ತಿಂಗಳು ಮುಟ್ಟಬಾರದ ಗೋಡೆ

ಕಳೆದ ಭಾದ್ರಪದದ ಕೊನೆಯ ವಾರ ಕಾಲೇಜಿನ ಕೆಲಸದ ಮೇಲೆ ಅಫಜಲಪುರಕ್ಕೆ ಹೋಗಿದ್ದೆ. ಗುಲ್ಬರ್ಗಾಕ್ಕೆ ವಾಪಸು ಬರುವಾಗ ಚೌಡಾಪುರದಲ್ಲಿ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಚಹದಂಗಡಿಯ ಕಡೆ ನಡೆದರು. ನಾನು ರಸ್ತೆ ಪಕ್ಕದ ಒಂದು ಮನೆಯ ಕಟ್ಟೆಯ ಮೇಲೆ ಕುಳಿತೆ. ಒಳಗೆ ಹೆಂಗಸರು ಮಹಾನವಮಿ ಹಬ್ಬಕ್ಕೆ ಗೋಡೆ ಸಾರಿಸುತ್ತಿದ್ದರು. ಕೆಮ್ಮಣ್ಣಿಗೆ ದನದ ಹೆಂಡಿ ಕಲಸಿ ಅಂಗೈಯಿಂದ ಎಳೆಯುವಾಗ ಏಳುವ ಆ ಹಸಿ ವಾಸನೆ ಬಾಗಿಲು ದಾಟಿ ನನ್ನ ತನಕ ಬಂತು.

ನಮ್ಮ ಕಡೆ ಯಾವ ಓಣಿಗೆ ಹೋದರೂ ಹಬ್ಬಕ್ಕೆ ಮುಂಚೆ ಅದೇ ವಾಸನೆ. ಹಬ್ಬ ಹತ್ತಿರ ಬಂತೆಂದು ಮಕ್ಕಳಿಗೆ ಅದರಿಂದಲೇ ಗೊತ್ತಾಗುತ್ತದೆ. ಏಳು ವರ್ಷಗಳಿಂದ ಆ ವಾರಗಳಲ್ಲಿ ನಾನು ಹಳ್ಳಿಗಳ ಕಡೆ ಹೋಗದಂತೆ ನೋಡಿಕೊಂಡಿದ್ದೆ. ಬಸ್ಸು ರಿಪೇರಿಯಾಗಿ ಕಂಡಕ್ಟರ್ ಸೀಟಿ ಊದಿದಾಗ ನಾನು ಹತ್ತಲಿಲ್ಲ. ಭೀಮಾ ದಂಡೆಯ ಕಡೆ ಹೊರಟಿದ್ದ ಒಂದು ಟೆಂಪೋ ಹತ್ತಿದೆ.

ನಾನು ಹೊರಟ ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿಯ ಮಂದಿ ಇನ್ನೂ ಅಲ್ಲೇ ಇದ್ದಾರೆ.

ನಾನು ಅಲ್ಲಿಗೆ ಮೊದಲು ಹೋದದ್ದು ಏಳು ವರ್ಷದ ಹಿಂದೆ, ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ವರ್ಷ. ಮಳೆಗಾಲದ ಮಟ್ಟಿಗೆ ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ರಕ್ತದ ಸ್ಲೈಡುಗಳನ್ನು ನೋಡಿ ಮಲೇರಿಯಾ ಇದೆಯೋ ಇಲ್ಲವೋ ಎಂದು ಬರೆಯುವ ತಾತ್ಕಾಲಿಕ ಕೆಲಸ ಸಿಕ್ಕಿತು. "ಇಷ್ಟು ಓದಿ ಮಂದಿ ರಕ್ತ ನೋಡೋ ಕೆಲಸೇನವ್ವಾ" ಎಂದು ಅವ್ವ ಎರಡು ದಿನ ಮಾತು ಬಿಟ್ಟಳು. ನಾನು ಟ್ರಂಕು, ಸ್ಟೋವು, ಒಂದು ಸೊಳ್ಳೆ ಪರದೆ ತೆಗೆದುಕೊಂಡು ಹೊರಟೆ.

ಬೆಳಿಗ್ಗೆಯಿಂದ ಸಂಜೆಯ ತನಕ ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು, ಸ್ಲೈಡಿಗೆ ಬಣ್ಣ ಹಾಕಿ ತೊಳೆದು ಒಣಗಿಸಿ ಒಂದೊಂದಾಗಿ ನೋಡುವುದು ನನ್ನ ಕೆಲಸ. ಕೆಲಸ ನನಗೆ ಹಿಡಿಸಿತು. ಯಾರೊಂದಿಗೂ ಹೆಚ್ಚು ಮಾತಾಡಬೇಕಿರಲಿಲ್ಲ.

ಸ್ಲೈಡುಗಳನ್ನು ತರುತ್ತಿದ್ದವರು ಖಾಜಾಸಾಬ. ಐವತ್ತು ದಾಟಿದ ಆರೋಗ್ಯ ಕಾರ್ಯಕರ್ತರು. ಹದಿನೈದು ದಿನಕ್ಕೊಮ್ಮೆ ಸೈಕಲ್ಲಿನ ಮೇಲೆ ಪ್ರತಿ ಮನೆಗೂ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಗುಳಿಗೆ ಕೊಡುವುದು, ಬಂದು ಹೋದ ತಾರೀಖನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಯುವುದು ಅವರ ಕೆಲಸ. ಡಿಡಿಟಿ ಹೊಡೆಯುವ ದಿನಗಳಲ್ಲಿ ಆ ತಂಡದ ಉಸ್ತುವಾರಿಯೂ ಅವರದೇ. ಮಕ್ಕಳು ಅವರನ್ನು ಕಂಡರೆ ಬೆರಳು ಮುಚ್ಚಿಕೊಂಡು ಓಡುತ್ತಿದ್ದರು.

ನಾನು ಬಾಡಿಗೆಗೆ ಇದ್ದದ್ದು ಭೋರಮ್ಮನವರ ಮನೆಯ ಅಂಗಳದ ಪಕ್ಕದ ಖೋಲಿಯಲ್ಲಿ. ಹಣೆ ತುಂಬ ವಿಭೂತಿ ಹಚ್ಚುತ್ತಿದ್ದ, ಗಟ್ಟಿ ದನಿಯ ಹೆಂಗಸು ಅವರು. ಮಗ ಗುಂಡಪ್ಪ ಮುಂಜಾನೆಯೇ ತೊಗರಿ ಹೊಲಕ್ಕೆ ಹೋಗಿಬಿಡುತ್ತಿದ್ದ. ಸೊಸೆ ಮಹಾನಂದಾ ಆಳಂದದ ಆಚೆ ಹಿರೋಳ್ಳಿಯ ಕಡೆಯವಳು, ನನಗಿಂತ ಮೂರು ವರ್ಷ ಚಿಕ್ಕವಳು. ಗಡಿಯ ಊರಿನವಳಾದ್ದರಿಂದ ಯಾವುದಕ್ಕೂ "ಬರಾ, ಬರಾ" ಎಂದು ಮರಾಠಿಯಲ್ಲಿ ಹೂಂಗುಡುತ್ತಿದ್ದಳು.

"ಮೂರೂ ಹೊತ್ತು ಬರಾ ಬರಾ ಅನಬ್ಯಾಡ ಬೇ, ಬರಗಾಲ ಬಂದೀತು" ಎಂದು ಭೋರಮ್ಮ ಗದರುತ್ತಿದ್ದರು.

"ಬರಾ ಅತ್ತಿ, ಇನ್ನ ಅನ್ನಂಗಿಲ್ಲ" ಎನ್ನುವಳು ಮಹಾನಂದಾ. ಇಬ್ಬರೂ ನಗುತ್ತಿದ್ದರು.

ಅವಳಿಗೆ ಆಗ ಆರು ತಿಂಗಳು. ಒಂದು ದಿನ ಬಸುರಿಯರ ತಪಾಸಣೆಗೆಂದು ಕೇಂದ್ರಕ್ಕೆ ಬಂದವಳು ನನ್ನ ಮೇಜಿನ ಬಳಿ ನಿಂತಳು. "ಅಕ್ಕೋರ, ದಿನಾ ಇದರಾಗ ಏನ್ ನೋಡ್ತೀರಿ? ನನಗೂ ತೋರಸ್ರಿ." ನಾನು ಕುರ್ಚಿ ಬಿಟ್ಟುಕೊಟ್ಟೆ. ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಚಂದ ಅದರಿ. ಕಿವ್ಯಾಗಿನ ಸಣ್ಣ ರಿಂಗ ಇದ್ದಂಗ ಕಾಣ್ತಾವ. ಯಾರ ರಕ್ತರಿ ಇದು?"

"ಯಾರದೋ. ಆ ರಿಂಗನ ರೋಗ" ಎಂದೆ.

ಅವಳು ಗಾಬರಿಯಾಗಿ ಹಿಂದೆ ಸರಿದಳು. "ಮೊದ್ಲ ಹೇಳಬಾರ್ದೇನ್ರಿ! ಚಂದ ಅದ ಅಂದುಬಿಟ್ನೆಲ್ಲಾ."

ಆ ವರ್ಷ ಶ್ರಾವಣದಲ್ಲಿ ಭೀಮಾ ಹೊಲದ ತನಕ ಏರಿ ಬಂದು ಭಾದ್ರಪದದಲ್ಲಿ ಇಳಿಯಿತು. ಇಳಿದ ಹೊಳೆ ಮರಳಿನಲ್ಲಿ, ಬಂಡೆಗಳ ನಡುವೆ, ಎರೆಮಣ್ಣಿನ ತಗ್ಗುಗಳಲ್ಲಿ ತಿಳಿನೀರು ಬಿಟ್ಟು ಹೋಯಿತು. ಎರಡು ವಾರದಲ್ಲಿ ನನ್ನ ಮೇಜಿನ ಮೇಲಿನ ಸ್ಲೈಡುಗಳು ಎರಡರಷ್ಟಾದವು. ಆಗ ಡಿಡಿಟಿ ತಂಡ ಬಂತು.

ಪಾತ್ರೆ, ಹಾಸಿಗೆ, ಕಾಳಿನ ಚೀಲ ಎಲ್ಲವನ್ನೂ ಓಣಿಗೆ ತಂದಿಡಬೇಕು. ಅಡುಗೆ ಮನೆಗೂ ದೇವರ ಜಗುಲಿಗೂ ಹೊಡೆಯಲು ಯಾರೂ ಬಿಡುತ್ತಿರಲಿಲ್ಲ. ಖಾಜಾಸಾಬ ಪ್ರತಿ ಮನೆಯಲ್ಲೂ ಅದಕ್ಕಾಗಿ ಚೌಕಾಶಿ ಮಾಡುತ್ತಿದ್ದರು. ಹೊಡೆದ ಮೇಲೆ ಗೋಡೆಯ ಮೇಲೆಲ್ಲ ಬಿಳಿ ಬಿಳಿಯಾಗಿ ಸೋರಿದ ಕಲೆ. ಮೂಗಿಗೆ ಬಡಿಯುವ ಘಾಟು.

"ನೋಡ್ರಿ ಯವ್ವಾ, ಈ ಗ್ವಾಡಿ ಇವತ್ತಿಂದ ಹೊಸ ಅಳಿಯ ಇದ್ದಂಗ" ಎಂದು ಖಾಜಾಸಾಬ ನಮ್ಮ ಅಂಗಳದಲ್ಲಿ ನಿಂತು ಹೇಳಿದರು. "ಮೂರು ತಿಂಗಳ ಮೈ ಮುಟ್ಟಂಗಿಲ್ಲ. ಸಾರ್ಸಂಗಿಲ್ಲ, ಸುಣ್ಣ ಹಚ್ಚಂಗಿಲ್ಲ."

"ಅಳಿಯ ಆದ್ರ ಹಿಂಗ ನಾರ್ತಾನೇನೋ ಖಾಜಾಸಾಬ?" ಎಂದರು ಭೋರಮ್ಮ.

"ನಮ್ಮ ಅಳಿಯ ಇದಕ್ಕಿಂತ ನಾರ್ತಾನ್ರಿ. ಏನ್ ಮಾಡೋದು, ಇಟ್ಕೊಂಡೀವಿ."

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಖಾಜಾಸಾಬ ನನ್ನ ಖೋಲಿಯ ಬಾಗಿಲ ಪಕ್ಕ ತಗಡಿನ ಅಚ್ಚು ಹಿಡಿದು ಡಿಡಿಟಿಯ ಗುರುತು ಹಾಕಿ, ತಾರೀಖು ಬರೆದು, ಕೆಳಗೆ ರುಜು ಹಾಕಿ ಹೋದರು.

ಗೋಡೆ ಯಾಕೆ ಮುಟ್ಟಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ರಕ್ತ ಕುಡಿದ ಸೊಳ್ಳೆ ಮೈ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಅಲ್ಲಿ ಔಷಧವಿದ್ದರೆ ಸಾಯುತ್ತದೆ. ಅದರ ಮೇಲೆ ಒಂದು ಪದರ ಮಣ್ಣು ಬಿದ್ದರೆ ಔಷಧ ಇದ್ದೂ ಇಲ್ಲದಂತೆ. ಸೊಳ್ಳೆ ಸುಧಾರಿಸಿಕೊಂಡು ಎದ್ದು ಇನ್ನೊಬ್ಬರ ಕಡೆ ಹೋಗುತ್ತದೆ. ಹಬ್ಬಕ್ಕೆ ಗೋಡೆ ಸಾರಿಸದ ಮನೆಯನ್ನು ಸೂತಕದ ಮನೆ ಎನ್ನುತ್ತಾರೆ, ಡಿಡಿಟಿ ಬರುವುದೋ ಹಬ್ಬಕ್ಕೆ ಸರಿಯಾಗಿ ಹದಿನೈದು ದಿನ ಮುಂಚೆ. ಅದಕ್ಕೇ ಆ ವಾರ ವೈದ್ಯರು ನನ್ನ ಅಕ್ಷರ ದುಂಡಗಿದೆ ಎಂದು ನನ್ನಿಂದಲೇ ಒಂದು ಹಾಳೆ ಬರೆಸಿದ್ದರು: ಔಷಧ ಸಿಂಪಡಿಸಿದ ಗೋಡೆಗಳನ್ನು ಮೂರು ತಿಂಗಳು ಸಾರಿಸಬೇಡಿ. ಅದು ಕೇಂದ್ರದ ಬಾಗಿಲಿಗೆ ಅಂಟಿತ್ತು. ಊರಲ್ಲಿ ಓದು ಬರುವ ಹೆಂಗಸರು ಕಡಿಮೆ.

ಅಷ್ಟರಲ್ಲಿ ಅವ್ವನ ಪತ್ರ ಬಂತು. ನಾನಿರುವ ಜಾಗ ನೋಡಿ, ಹಬ್ಬಕ್ಕೆ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾಳಂತೆ. ಸುದ್ದಿ ಹೇಳಿದ್ದೇ ತಡ ಭೋರಮ್ಮ ನನ್ನ ಖೋಲಿಯ ಹೊಸ್ತಿಲಲ್ಲಿ ನಿಂತು ಗೋಡೆಗಳನ್ನು ನೋಡಿದರು.

"ಅಕ್ಕೋರ, ಒಂದು ಕೇಳ್ತೇನಿ. ಖಾಜಾಸಾಬ ಗ್ವಾಡಿ ಮುಟ್ಟಬ್ಯಾಡ್ರಿ ಅಂದಾನ. ಆದ್ರ ನಿಮ್ಮ ಅವ್ವಾರು ಮೊದಲನೇ ಸಲ ಬರಾಕತ್ತಾರ. ಈ ಬಿಳಿ ಕಲಿ ನೋಡಿ, ಮಗಳನ್ನ ಎಂಥಾ ಮನ್ಯಾಗ ಇಟ್ಟಾರಂತ ಅನ್ನಂಗಿಲ್ಲೇನ್ರಿ? ಸಾರಸಿದ್ರ ಏನರ ಆಗ್ತದೇನು?"

ಅವರು ಕೇಳಿದ್ದು ನನ್ನನ್ನು, ಓದಿದವಳೆಂದು. ಮಹಾನಂದಾ ಅವರ ಹಿಂದೆಯೇ ನಿಂತಿದ್ದಳು. ನನಗೆ ಆ ಕ್ಷಣ ಕಂಡದ್ದು ಅವ್ವನ ಮುಖ. ಆ ಕಲೆ, ಆ ಘಾಟು, ಅವುಗಳ ನಡುವೆ ನಾನು.

"ಏನಾಗಂಗಿಲ್ರಿ" ಎಂದೆ. "ಒಂದ ಖೋಲಿ ಅಲ್ಲಾ. ಸಾರಸ್ರಿ."

ಮಹಾನಂದಾ ಸೀರೆ ಎತ್ತಿ ಕಟ್ಟಿ ಮಣ್ಣು ಕಲಸಿದಳು. ಅವಳ ಕೈ ಓಣಿಗೆಲ್ಲ ಹೆಸರಾಗಿತ್ತು. ಅಂಗೈ ಊರಿ ಎಡದಿಂದ ಬಲಕ್ಕೆ ಒಂದೇ ಎಳೆತ. ಬೆರಳುಗಳ ಗುರುತು ಅರ್ಧಚಂದ್ರದ ಹಾಗೆ ಉಳಿಯುತ್ತಿತ್ತು. ಅದರ ಪಕ್ಕ ಇನ್ನೊಂದು, ಅದರ ಕೆಳಗೆ ಮತ್ತೊಂದು, ಅಳೆದು ಇಟ್ಟಂತೆ.

"ಏ ಬೇ, ಹೊಟ್ಟ್ಯಾಗ ಕೂಸು ಇಟ್ಕೊಂಡು ಕೈ ಮ್ಯಾಲ ಎತ್ತಬ್ಯಾಡ. ಮ್ಯಾಲಿಂದು ನಾ ಮಾಡ್ತೇನಿ" ಎಂದು ಭೋರಮ್ಮ ಮಣೆಯ ಮೇಲೆ ನಿಂತರು.

"ಬರಾ ಅತ್ತಿ" ಎಂದಳು. ನಾನು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಬಾಗಿಲ ಪಕ್ಕದ ಖಾಜಾಸಾಬರ ರುಜು ಮಣ್ಣಿನ ಕೆಳಗೆ ಹೋಗುವುದನ್ನು ನೋಡಿದೆ.

ಅವ್ವ ಬಂದಳು. ಖೋಲಿಯ ಸುತ್ತ ಕಣ್ಣಾಡಿಸಿ "ಚಂದ ಇಟ್ಟಾರ" ಎಂದಳು. ಆ ಕೆಲಸಕ್ಕೆ ಸೇರಿದ ಮೇಲೆ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ನನಗೆ ಬಹಳ ಸಂತೋಷವಾಯಿತು. ಇದನ್ನೂ ಬರೆಯಬೇಕು.

ಮರುದಿನ ಹೊರಡುವಾಗ ಮಹಾನಂದಾ ಸಂಕೋಚದಿಂದ ಕೇಳಿದಳು. "ಅಕ್ಕೋರ, ನೀವು ಬರೋತನಕ ನಿಮ್ಮ ಖೋಲ್ಯಾಗ ಮಲಗ್ಲೇನ್ರಿ? ಒಳಗ ಸೆಕಿ ಭಾಳ. ಇಲ್ಲಿ ಕಿಟಕಿ ಅದ, ಹೊಸದಾಗಿ ಸಾರಸೇವಿ, ತಂಪ ಆಗ್ಯಾದ."

"ಮಲಗ" ಎಂದೆ. ಕೀಲಿ ಕೊಟ್ಟೆ. ಅದಕ್ಕೆ ಮುಂಚೆಯೇ ಸೊಳ್ಳೆ ಪರದೆಯನ್ನು ಮಡಚಿ, ಅಂಚಿಗೆ ಅಂಚು ಸೇರಿಸಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ನಾನು ಎಲ್ಲಿಂದ ಹೊರಟರೂ ಹಾಗೆಯೇ ಮಾಡುತ್ತೇನೆ. ಬೀಗ ತೆಗೆಯಬೇಕೆಂದು ಹೊಳೆಯಲಿಲ್ಲ.

ಹದಿನೈದು ದಿನ ಬಿಟ್ಟು ವಾಪಸು ಬಂದಾಗ ನಡು ಮಧ್ಯಾಹ್ನ. ಮಹಾನಂದಾ ನನ್ನ ಖೋಲಿಯಲ್ಲಿ ಎರಡು ಕೌದಿ ಹೊದ್ದು ಮಲಗಿದ್ದಳು. ಕೌದಿಯ ಕೆಳಗೆ ಮೈ ನಡುಗುವುದು ಕಾಣುತ್ತಿತ್ತು.

"ನಿನ್ನಿ ಮುಂಜಾನಿಂದ ಜ್ವರ ಬಂದಾವ್ರಿ" ಎಂದರು ಭೋರಮ್ಮ. "ಬಸರಾಗ ಹಿಂಗ ಬರ್ತಾವ ಅಂತ ಓಣ್ಯಾಗಿನವರು ಅಂದ್ರು. ಖಾಜಾಸಾಬ ನಾಳಿಗಿ ಬರಾವ."

ನಾನು ಚೀಲ ಕೆಳಗಿಡದೆಯೇ ಕೇಂದ್ರಕ್ಕೆ ಹೋಗಿ ಸೂಜಿ, ಸ್ಲೈಡು ತಂದೆ. ಅವಳ ಬೆರಳು ಚುಚ್ಚಿದೆ. ಹನಿ ತೆಳ್ಳಗೆ, ನೀರು ಬೆರೆಸಿದ ಹಾಗಿತ್ತು. ಅವಳು ಕಣ್ಣು ತೆರೆದು "ಅಕ್ಕೋರ, ಹಬ್ಬ ಆತೇನ್ರಿ" ಎಂದಳು. "ಆತು" ಎಂದೆ.

ಬಣ್ಣ ಹಾಕಿ ಒಣಗಿಸಿ ನೋಡಿದೆ. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ವೃತ್ತವೇ ಒಂದು ಕ್ಷೇತ್ರ, ಅಂಥ ನೂರು ಕ್ಷೇತ್ರ ನೋಡಿ ಬರೆಯಬೇಕೆಂಬುದು ನಿಯಮ. ಮೊದಲನೆಯದರಲ್ಲೇ ಉಂಗುರಗಳು. ಕೆಲವು ರಕ್ತಕಣಗಳಲ್ಲಿ ಎರಡೆರಡು, ಅಂಚಿಗೆ ಅಂಟಿಕೊಂಡ ಸಣ್ಣ ಸಣ್ಣ ಉಂಗುರ. ಮಿದುಳಿಗೆ ಏರುವ ಜಾತಿಯದು ಎಂಬುದರಲ್ಲಿ ಅನುಮಾನವಿರಲಿಲ್ಲ. ಕೈ ತಾನಾಗಿ ಮುಂದಿನ ಕ್ಷೇತ್ರಕ್ಕೆ, ಅದರ ಮುಂದಿನದಕ್ಕೆ ಹೋಗುತ್ತಿತ್ತು. ಏಳು ಎಣಿಸಿದ ಮೇಲೆ ಎದ್ದೆ.

ಗುಳಿಗೆ ನುಂಗಿಸಿದೆವು. ವಾಂತಿಯಾಯಿತು. ಮತ್ತೆ ನುಂಗಿಸಿದೆವು. ವೈದ್ಯರು ನೋಡಿ ಗುಲ್ಬರ್ಗಾಕ್ಕೆ ಒಯ್ಯಲು ಹೇಳಿ ಜೀಪು ಕೊಟ್ಟರು. ಗುಂಡಪ್ಪ ಹೊಲದಿಂದ ಕೆಸರುಗಾಲಿನಲ್ಲೇ ಓಡಿ ಬಂದ. ದಾರಿಯಲ್ಲಿ ಅವಳ ತಲೆ ಭೋರಮ್ಮನವರ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ಚೌಡಾಪುರ ದಾಟಿದ ಮೇಲೆ ಅವಳು ಮರಾಠಿಯಲ್ಲಿ ಮಾತಾಡತೊಡಗಿದಳು. ತನ್ನ ಅವ್ವನ ಜೊತೆ ಏನೋ ಜಗಳ. ಆಮೇಲೆ "ಬರಾ, ಬರಾ" ಎಂದಳು. ಭೋರಮ್ಮ "ಅನ್ನು ಬೇ, ಎಷ್ಟರ ಅನ್ನು. ಇನ್ನ ನಾ ಬೈಯಂಗಿಲ್ಲ" ಎಂದು ಅವಳ ಹಣೆ ಒರೆಸುತ್ತಿದ್ದರು.

ಮೂರನೆಯ ದಿನ ಮುಂಜಾನೆ ಮಹಾನಂದಾ ಹೋದಳು. ಕೂಸು ಅದರ ಹಿಂದಿನ ದಿನವೇ ಹೋಗಿತ್ತು. ಅವಳ ಸೀಮಂತದ ಕುಬಸಕ್ಕೆಂದು ತಂದಿದ್ದ ಹಸಿರು ಸೀರೆ ಮನೆಯಲ್ಲಿ ಮಡಿಕೆ ಕೂಡ ಬಿಚ್ಚದೆ ಇತ್ತು. ಅದನ್ನೇ ಹೊದಿಸಿದರು.

ಖಾಜಾಸಾಬ ಬರಬೇಕಿದ್ದ ದಿನ ನಾವೆಲ್ಲ ಗುಲ್ಬರ್ಗಾದಲ್ಲಿದ್ದೆವು, ವಾರದ ಮೇಲೆ ಅವರು ಮನೆಗೆ ಬಂದರು. ಎಲ್ಲರ ಬೆರಳು ಚುಚ್ಚಿ ರಕ್ತ ತೆಗೆದರು. ಆಮೇಲೆ ತಾರೀಖು ಬರೆಯಲೆಂದು ನನ್ನ ಖೋಲಿಯ ಬಾಗಿಲಿಗೆ ಬಂದು ಗೋಡೆಯ ಮೇಲೆ ಕೈಯಾಡಿಸಿದರು. ತಮ್ಮ ರುಜು ಇದ್ದ ಜಾಗದಲ್ಲಿ ಅರ್ಧಚಂದ್ರಗಳು. ನನ್ನನ್ನು ನೋಡಿದರು.

"ನಾ ಹೇಳಿದ್ರ ನಗ್ತಾರ್ರಿ ಅಕ್ಕೋರ" ಎಂದರು ಸಣ್ಣ ದನಿಯಲ್ಲಿ. "ನೀವು ಹೇಳಿದ್ರ ಕೇಳ್ತಿದ್ರು."

ಗೋಡೆ ಸಾರಿಸುವಾಗ ನಾನು ಸುಮ್ಮನಿದ್ದೆನೆಂದಷ್ಟೇ ಅವರಿಗೆ ಗೊತ್ತು. ನಾನು ಸುಮ್ಮನಿರಲಿಲ್ಲ, ಸಾರಸ್ರಿ ಎಂದಿದ್ದೆ ಎಂಬುದು ಗೊತ್ತಿರಲಿಲ್ಲ. ಅವತ್ತೇ ಹೇಳಬಹುದಿತ್ತು. ಭೋರಮ್ಮ ಅಂಗಳದಲ್ಲೇ ಕುಳಿತಿದ್ದರು. ನಾನು ಒಳಗೆ ಹೋಗಿ ಟ್ರಂಕು ಕಟ್ಟಿದೆ. ತಿಂಗಳು ತುಂಬುವ ಮುಂಚೆಯೇ ಕೆಲಸ ಬಿಟ್ಟೆ. ಅವ್ವನಿಗೆ ಸಮಾಧಾನವಾಯಿತು.

ಒಂದು ಖೋಲಿಯ ಗೋಡೆಯಿಂದ ಒಂದು ಜೀವ ಹೋಯಿತೆಂದು ಯಾರೂ ಸಾಬೀತು ಮಾಡಲಾರರು. ಸೊಳ್ಳೆ ಅವಳನ್ನು ಅಂಗಳದಲ್ಲಿ ಕಚ್ಚಿರಬಹುದು, ಹೊಳೆಗೆ ಹೋದಾಗ ಕಚ್ಚಿರಬಹುದು. ಗೋಡೆಯ ಮೇಲೆ ಔಷಧವಿದ್ದರೂ ಕಚ್ಚಬಹುದಿತ್ತು. ನಾನು ಓದಿದ ವಿಜ್ಞಾನ ನನಗೆ ಅಷ್ಟು ಬಾಗಿಲು ತೆರೆದಿಟ್ಟಿದೆ. ಈ ಏಳು ವರ್ಷಗಳಲ್ಲಿ ಎಷ್ಟೋ ಸಲ ಆ ಬಾಗಿಲ ತನಕ ಹೋಗಿ ತಿರುಗಿ ಬಂದಿದ್ದೇನೆ.

ಟೆಂಪೋ ಇಳಿದು ಆ ಓಣಿಗೆ ನಡೆದೆ. ಭೋರಮ್ಮ ಅಂಗಳದಲ್ಲಿ ಮಣ್ಣು ಕಲಸುತ್ತಿದ್ದರು. ನನ್ನನ್ನು ನೋಡಿ ಹಣೆಗೆ ಕೈ ಹಚ್ಚಿದರು, ಮಣ್ಣು ವಿಭೂತಿಯ ಮೇಲೆ ಮೆತ್ತಿತು.

"ಅಕ್ಕೋರಲ್ಲೇನ್ರಿ! ಬರ್ರಿ, ಬರ್ರಿ. ಎಷ್ಟ ವರ್ಷಕ್ಕ ನೆನಪಾತ್ರಿ ನಮ್ಮದು?"

ಚಹ ಕುದಿಯುವಷ್ಟರಲ್ಲಿ ಅವರೇ ಎಲ್ಲ ಹೇಳಿದರು. ಗುಂಡಪ್ಪ ಮತ್ತೆ ಲಗ್ನವಾಗಲಿಲ್ಲ. ಖಾಜಾಸಾಬ ನಿವೃತ್ತರಾಗಿ ಮಗಳ ಊರಿಗೆ ಹೋದರು.

"ಇನ್ನೂ ಸಾರಸ್ತೀರೇನ್ರಿ?" ಎಂದೆ.

"ಸಾರಸ್ತೇನ್ರಿ, ಹಬ್ಬ ಬಿಡಾಕ ಬರ್ತದೇನು? ಆದ್ರ ಡಿಡಿಟಿ ಪಾವಡರದವರು ಬರೋಕಿಂತ ಮೊದ್ಲ ಸಾರಸ್ತೇನಿ. ಓಣ್ಯಾಗೂ ಹೇಳ್ತೇನಿ. ಮೊದ್ಲ ಮಣ್ಣು, ಆಮ್ಯಾಗ ಪಾವಡರ್. ಈ ವರ್ಷ ನಾಡದ ಬರ್ತಾರಂತ, ಅದಕ್ಕ ಗಡಿಬಿಡಿ ಮಾಡಾಕತ್ತೇನಿ." ಅವರು ಎದ್ದರು. "ಬರ್ರಿ, ನಿಮ್ಮ ಖೋಲಿ ತೋರಸ್ತೇನಿ."

ಮೂರು ಗೋಡೆಗಳ ಮಣ್ಣು ಉದುರಿ ಕಲ್ಲು ಕಾಣುತ್ತಿತ್ತು. ಕಿಟಕಿಯ ಎದುರಿನ ಗೋಡೆ ಮಾತ್ರ ಹಾಗೆಯೇ ಇತ್ತು. ಮೇಲಿನ ಭಾಗದಲ್ಲಿ ಭೋರಮ್ಮನವರ ಒರಟು ಎಳೆತಗಳು. ಅದರ ಕೆಳಗೆ, ಒಬ್ಬ ಗಿಡ್ಡ ಹುಡುಗಿಯ ಕೈ ಎಟುಕುವಷ್ಟು ಎತ್ತರದಿಂದ ನೆಲದ ತನಕ, ಅರ್ಧಚಂದ್ರಗಳು. ಏಳು ವರ್ಷದ ಡಿಡಿಟಿ ಅವುಗಳ ಗೆರೆಗಳಲ್ಲಿ ಬಿಳಿಯಾಗಿ ಕೂತಿತ್ತು.

"ಈ ಖೋಲಿ ಸಾರ್ಸಂಗಿಲ್ರಿ" ಎಂದರು. "ಪಾವಡರ್ ಹೊಡ್ಸತೇನಿ, ಅಷ್ಟ. ಆಕಿ ಕೈ ಅದ ಇದರಾಗ. ಖಾಜಾಸಾಬ ಆಮ್ಯಾಲ ಹೇಳಿದ, ಸಾರಸಬಾರ್ದಿತ್ತು ಭೋರಮ್ಮಾ ಅಂತ. ನಾನ ಸಾರ್ಸಾಕ ಹಚ್ಚಿದ್ನೆಲ್ಲರಿ. ಗುಂಡಪ್ಪಗೂ ಹೇಳಿಬಿಟ್ಟೇನಿ, ನಿನ್ನ ಹೇಣ್ತಿನ್ನ ತಿಂದಾಕಿ ನಾನ ಅಂತ. ಎರಡು ವರ್ಷ ಮಾತ ಬಿಟ್ಟಿದ್ದ ನನ್ನ ಕೂಡ."

ಈ ಭಾರ ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ.

"ಇಲ್ರಿ" ಎಂದೆ. "ನೀವು ನನ್ನ ಕೇಳಿದ್ರಿ. ಸಾರಸಿದ್ರ ಏನರ ಆಗ್ತದೇನಂತ ಈ ಹೊಸ್ತಿಲದಾಗ ನಿಂತು ಕೇಳಿದ್ರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಏನಾಗಂಗಿಲ್ಲ ಅಂದೆ. ನಮ್ಮವ್ವ ಬರಾಕತ್ತಿದ್ಲಲ್ಲ, ಅದಕ್ಕ. ತಪ್ಪು ನಂದರಿ, ನಿಮ್ಮದಲ್ಲ."

ಭೋರಮ್ಮ ನನ್ನ ಮುಖವನ್ನೇ ನೋಡಿದರು. ನೆನಪು ಮಾಡಿಕೊಳ್ಳಲು ಹವಣಿಸಿದ್ದು ಕಾಣಿಸಿತು. ಆಮೇಲೆ ತಲೆ ಅಲ್ಲಾಡಿಸಿದರು.

"ನಾ ಕೇಳಿಲ್ರಿ ಯವ್ವಾ. ಕೇಳಿದ್ರ ನೀವು ಹೇಳತಿದ್ರಿ. ನನ್ನ ಸಮಾಧಾನಕ್ಕಂತ ಇಷ್ಟು ದೂರ ಬಂದು ನಿಮ್ಮ ಮೈಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ಖರೇನ ಕೇಳಿದ್ರಿ. ಮಹಾನಂದಾ ನಿಮ್ಮ ಹಿಂದ ನಿಂತಿದ್ಲು."

"ಇರ್ಲಿ ಬಿಡ್ರಿ. ನೀವು ಒಳ್ಳ್ಯಾರು. ಆಕಿನೂ ಹಂಗ ಅಂತಿದ್ಲು." ಅವರು ಸೆರಗಿನಿಂದ ನನ್ನ ಕಣ್ಣೊರೆಸಿದರು. ನಾನು ಮತ್ತೊಮ್ಮೆ, ಇನ್ನೂ ಬಿಡಿಸಿ ಹೇಳಿದೆ. ಸಣ್ಣ ಮಕ್ಕಳ ಮಾತಿಗೆ ಹೂಂ ಎನ್ನುವ ಹಾಗೆ ಹೂಂ ಎಂದರು. ಗುಂಡಪ್ಪ ಬರುವ ತನಕ ನಿಲ್ಲುತ್ತೇನೆ, ಅವನಿಗಾದರೂ ಹೇಳುತ್ತೇನೆ ಎಂದಾಗ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಬ್ಯಾಡ್ರಿ. ಈಗ ಅವ ನನ್ನ ಕೂಡ ಮಾತಾಡ್ತಾನ. ಆ ಮಾತ ಮತ್ತ ತೆಗಿಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ನಾನು ನಿಲ್ಲಲಿಲ್ಲ. ಹೊರಡುವಾಗ ಅವರು ನಾಲ್ಕು ಜೋಳದ ರೊಟ್ಟಿ, ಶೇಂಗಾದ ಚಟ್ನಿ ಹಿಂಡಿ ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಟೆಂಪೋ ಬರುವ ತನಕ ಜೊತೆಗೆ ನಿಂತಿದ್ದು, ನಾಡಿದ್ದು ಪಾವಡರದವರು ಬರುತ್ತಾರೆ, ಇನ್ನೂ ಎರಡು ಗೋಡೆ ಉಳಿದಿವೆ ಎಂದು ಓಣಿಯ ಕಡೆ ತಿರುಗಿದರು.

ಗುಲ್ಬರ್ಗಾ ತನಕ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಗಂಟು ಹಾಕಿದ ಕಡೆ ಅವರ ಮೂರು ಬೆರಳಿನ ಮಣ್ಣು ಒಣಗಿತ್ತು. ಉದುರೀತೆಂದು ಬಿಚ್ಚಲಿಲ್ಲ.